ಪೇಟೆ ಬೀದಿಯ ಮರುನಿರ್ಮಾಣ: ಗುದ್ದಲಿ ಪೂಜೆಗೆ ಮುಂಚಿನ ಕೆಲಸ, ನಂತರದ ಕೆಲಸ

ನಮ್ಮ ಊರುಗಳಲ್ಲಿ ಪೇಟೆ ಬೀದಿಯ ಕಾಮಗಾರಿ ಗುದ್ದಲಿ ಪೂಜೆಯಿಂದ ಆರಂಭವಾಗುತ್ತದೆ. ತೆಂಗಿನಕಾಯಿ ಒಡೆದ ಮರುದಿನ ಜೆಸಿಬಿ ಬರುತ್ತದೆ. ಮೂರನೆಯ ದಿನ ನೀರಿನ ಕೊಳವೆ ಒಡೆಯುತ್ತದೆ. ನಾಲ್ಕನೆಯ ದಿನ ವಿದ್ಯುತ್ ಕಂಪನಿಯವರು ಬಂದು ತಮ್ಮ ಕೇಬಲ್ ಎಲ್ಲಿದೆ ಎಂದು ನಮ್ಮನ್ನೇ ಕೇಳುತ್ತಾರೆ. ಆರು ತಿಂಗಳ ಕೆಲಸ ಎರಡು ದೀಪಾವಳಿಗಳನ್ನು ನುಂಗಿದ ಮೇಲೆ ವ್ಯಾಪಾರಿಗಳು ಗುತ್ತಿಗೆದಾರನಿಗೆ ಶಾಪ ಹಾಕುತ್ತಾರೆ. ನಗರಪಾಲಿಕೆಯ ಎಂಜಿನಿಯರಿಂಗ್ ವಿಭಾಗದಲ್ಲಿ ಇಂಥ ಕೆಲಸಗಳ ಮಧ್ಯೆಯೇ ಬೆಳೆದ ನನ್ನ ಅನುಭವ ಬೇರೆ: ಹಾಳಾದ ಬೀದಿಗಳಲ್ಲಿ ಹೆಚ್ಚಿನವು ಟೆಂಡರ್ ಕರೆಯುವ ಮೊದಲೇ ಹಾಳಾಗಿದ್ದವು. ಆದ್ದರಿಂದ ಈ ಬರಹದ ಮುಕ್ಕಾಲು ಭಾಗ ಗುದ್ದಲಿ ಮುಟ್ಟುವ ಮುಂಚಿನ ಕೆಲಸದ ಬಗ್ಗೆಯೇ ಇದೆ.

ಲೆಕ್ಕಕ್ಕೆ ಅನುಕೂಲವಾಗಲೆಂದು 600 ಮೀಟರ್ ಉದ್ದದ, ಕಟ್ಟಡದಿಂದ ಕಟ್ಟಡಕ್ಕೆ 15 ಮೀಟರ್ ಅಗಲದ ಒಂದು ಬೀದಿಯನ್ನು ಇಟ್ಟುಕೊಳ್ಳೋಣ. ಎರಡೂ ಕಡೆ ಬಟ್ಟೆ, ಬಂಗಾರ, ಪಾತ್ರೆ, ಪುಸ್ತಕದ ಅಂಗಡಿಗಳು, ಮೂಲೆಯಲ್ಲಿ ಹೂವಿನವರು, ನಡುವೆ ಎಂದೂ ಸಾಲದ ರಸ್ತೆ. ಇಂಥ ಬೀದಿ ಇಲ್ಲದ ಊರು ಕರ್ನಾಟಕದಲ್ಲಿ ಇಲ್ಲ.

1. ನಕ್ಷೆಗೆ ಮೊದಲು ಎಣಿಕೆ

ವಾರದ ಒಂದು ಸಾಧಾರಣ ದಿನ, ಒಂದು ಶನಿವಾರ, ಸಾಧ್ಯವಾದರೆ ಹಬ್ಬದ ಹಿಂದಿನ ಒಂದು ದಿನ ಬೀದಿಯಲ್ಲಿ ನಿಂತು ಎಣಿಸಿ. ಬೆಳಗ್ಗೆ ಏಳಕ್ಕೆ ಹೂವು, ಹಾಲು ಇಳಿಯುವ ಹೊತ್ತು. ಹನ್ನೊಂದಕ್ಕೆ ಅಂಗಡಿಗಳ ಸರಕು ಬರುವ ಹೊತ್ತು. ಸಂಜೆ ಏಳಕ್ಕೆ ಗಿರಾಕಿಗಳ ಹೊತ್ತು. ಹೋಗುವ ವಾಹನಗಳನ್ನು ಎಲ್ಲರೂ ಎಣಿಸುತ್ತಾರೆ. ನಡೆಯುವವರನ್ನು ಎಣಿಸಿ, ನಿಂತ ವಾಹನಗಳನ್ನೂ ಎಣಿಸಿ. ನಿಂತ ವಾಹನದ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳಿ. ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಅಲುಗಾಡದ ಬೈಕುಗಳು ಗಿರಾಕಿಗಳವಲ್ಲ, ಅಂಗಡಿಯವರವು ಎಂಬುದು ಆ ಪಟ್ಟಿಯಲ್ಲಿ ತಾನಾಗಿ ಕಾಣುತ್ತದೆ. ಮುಂದೆ ಸಭೆಯಲ್ಲಿ “ಪಾರ್ಕಿಂಗ್ ತೆಗೆದರೆ ವ್ಯಾಪಾರ ಮುಳುಗುತ್ತದೆ” ಎಂಬ ಮಾತು ಬಂದೇ ಬರುತ್ತದೆ. ಆಗ ಭಾಷಣ ಬೇಡ, ಆ ಪಟ್ಟಿಯನ್ನು ಮೇಜಿನ ಮೇಲಿಟ್ಟರೆ ಸಾಕು.

ವಿನ್ಯಾಸವನ್ನು ಕಾಂಕ್ರೀಟಿನಲ್ಲಿ ಹಾಕುವ ಮುನ್ನ ಕೋನ್‌ಗಳಲ್ಲಿ ಹಾಕಿ ನೋಡಬಹುದು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿ, ಜನರಿಗೆ ಮಾತ್ರ ಬೀದಿ ಬಿಟ್ಟುಕೊಟ್ಟು ಪ್ರಯೋಗ ನಡೆಸಿದರು. ಆ ಬೀದಿಗೆ ಕಲ್ಲು ಹಾಸಿ ಮುಗಿಸಿದ್ದು ಅದಕ್ಕೂ ಎರಡು ವರ್ಷ ಮೊದಲು. ನೀವು ಕ್ರಮ ತಿರುಗಿಸಿ: ಮೊದಲು ಪ್ರಯೋಗ, ಆಮೇಲೆ ಕಲ್ಲು.

2. ಗಡಿ ಮತ್ತು ಅಡ್ಡಸೀಳು

ನಗರ ಭೂಮಾಪನ ಕಚೇರಿಯ ದಾಖಲೆ ತರಿಸಿ, ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಸರ್ವೆ ಉಪಕರಣ) ಇಟ್ಟು ಬೀದಿಯನ್ನು ಅಳೆಸಿ, ಎರಡನ್ನೂ ಒಂದರ ಮೇಲೊಂದು ಇಡಿ. ಮೆಟ್ಟಿಲು, ಜಗಲಿ, ಶಟರ್ ಮುಂದಿನ ಚಪ್ಪಡಿ, ಜನರೇಟರ್, ಬೋರ್ಡಿನ ಕಂಬ ಯಾವುವು ಎಷ್ಟೆಷ್ಟು ಹೊರಗೆ ಬಂದಿವೆ ಎಂಬುದು ಆಗ ಗೊತ್ತಾಗುತ್ತದೆ. ಒತ್ತುವರಿ ತೆರವು ಟೆಂಡರಿಗೆ ಮೊದಲೇ ಮುಗಿಯಬೇಕು. ಅದನ್ನು ಗುತ್ತಿಗೆದಾರನ ತಲೆಗೆ ಕಟ್ಟಿದರೆ ಅವನು ಆರು ತಿಂಗಳ ನಂತರ “ನನಗೆ ಜಾಗ ಕೊಟ್ಟಿಲ್ಲ” ಎಂದು ಕಾಲಾವಕಾಶ ವಿಸ್ತರಣೆ ಕೇಳುತ್ತಾನೆ. ಕೇಳುವುದು ನ್ಯಾಯವೂ ಹೌದು.

ಇನ್ನು ಅಡ್ಡಸೀಳು, ಅಂದರೆ 15 ಮೀಟರ್ ಅಗಲವನ್ನು ಹಂಚುವ ಲೆಕ್ಕ. ನಮ್ಮಲ್ಲಿ ರೂಢಿ ಏನೆಂದರೆ ವಾಹನಕ್ಕೆ ಬೇಕಾದಷ್ಟು ಕೊಟ್ಟು, ಉಳಿದದ್ದನ್ನು ಪಾದಚಾರಿ ಮಾರ್ಗ ಎನ್ನುವುದು. ಹೊರಗಿನಿಂದ ಒಳಗೆ ಬನ್ನಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ ಐಆರ್‌ಸಿ 103 ವಾಣಿಜ್ಯ ಪ್ರದೇಶದಲ್ಲಿ ಅಡೆತಡೆಯಿಲ್ಲದ 2.5 ಮೀಟರ್ ನಡಿಗೆ ದಾರಿ ಕೇಳುತ್ತದೆ. ಎರಡೂ ಬದಿಗೆ ಅದು 5 ಮೀಟರ್. ಅಂಗಡಿ ಮುಂದೆ ನಿಂತು ನೋಡುವವರಿಗೆ ಅರ್ಧರ್ಧ ಮೀಟರ್ ಬಿಟ್ಟರೆ 6. ಎರಡು ಪಥದ ರಸ್ತೆಗೆ 6, ಒಟ್ಟು 12. ಉಳಿದ 3 ಮೀಟರಿನಲ್ಲಿ ಒಂದು ಬದಿಗೆ 2.1 ಮೀಟರ್ ಪಟ್ಟಿ: ಮರ, ಆಟೊ, ಸರಕು ಇಳಿಸುವ ಜಾಗ, ಬೀದಿ ವ್ಯಾಪಾರಿಗಳ ಜಾಗ ಸರದಿಯಂತೆ ಬರಲಿ. ಇನ್ನೊಂದು ಬದಿಗೆ 0.9 ಮೀಟರ್: ದೀಪದ ಕಂಬ, ವಿದ್ಯುತ್ ಹಂಚುವ ಫೀಡರ್ ಪೆಟ್ಟಿಗೆ, ಫಲಕ. ಈ ಕಂಬಗಳ ಪಟ್ಟಿಯನ್ನು ಬಿಟ್ಟವರ ನಕ್ಷೆಯಲ್ಲಿ ಕಂಬಗಳು ಕೊನೆಗೆ ನಡಿಗೆ ದಾರಿಯ ನಟ್ಟನಡುವೆ ಬಂದು ನಿಲ್ಲುತ್ತವೆ.

ಬೆಂಗಳೂರಿನಲ್ಲಿ ಟೆಂಡರ್ ಶ್ಯೂರ್ ಎಂಬ ಮಾದರಿಯಲ್ಲಿ ಮರುನಿರ್ಮಿಸಿದ ರಸ್ತೆಗಳು (ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ಮುಂತಾದವು) ಈ ಲೆಕ್ಕವನ್ನೇ ಹಿಡಿದು ಹೊರಟವು. ರಸ್ತೆಯ ಉದ್ದಕ್ಕೂ ಪಥದ ಅಗಲ ಒಂದೇ; ಹೆಚ್ಚುವರಿ ಜಾಗವೆಲ್ಲ ಪಾದಚಾರಿಗೆ; ಕೊಳವೆ, ಕೇಬಲ್ಲುಗಳು ಪಾದಚಾರಿ ಮಾರ್ಗದ ಕೆಳಗೆ ಡಕ್ಟ್‌ಗಳಲ್ಲಿ, ಅಂದರೆ ಅವನ್ನು ಎಳೆಯಲೆಂದೇ ಮೊದಲೇ ಹುಗಿದ ದಾರಿಗಳಲ್ಲಿ. ಆರಂಭದಲ್ಲಿ “ರಸ್ತೆ ಸಣ್ಣದಾಯಿತು” ಎಂಬ ಗಲಾಟೆ ಬಹಳ ಇತ್ತು. ಅಲ್ಲಿ ಒಮ್ಮೆ ನಡೆದು ನೋಡಿ, ಆಮೇಲೆ ನಿಮ್ಮ ನಕ್ಷೆಗೆ ಕುಳಿತುಕೊಳ್ಳಿ.

3. ಹೊಸ್ತಿಲಿನ ಮಟ್ಟ

ಪೇಟೆ ಬೀದಿಯ ವಿನ್ಯಾಸ ಹೊಸ್ತಿಲಿನಿಂದ ಶುರುವಾಗಬೇಕು, ರಸ್ತೆಯ ಮಧ್ಯಗೆರೆಯಿಂದಲ್ಲ. ಪ್ರತಿ ಅಂಗಡಿಯ ಹೊಸ್ತಿಲಿನ ಮಟ್ಟವನ್ನು ಬರೆದುಕೊಳ್ಳಿ. 600 ಮೀಟರಿಗೆ ಎರಡೂ ಬದಿ ಸೇರಿ ಇನ್ನೂರು ಮುನ್ನೂರು ಹೊಸ್ತಿಲುಗಳಾಗಬಹುದು. ಲೆವೆಲಿಂಗ್ ಮಾಡುವ ಹುಡುಗರಿಗೆ ಎರಡು ದಿನದ ಕೆಲಸ.

ಈಗ ಒಂದು ಹೊಸ್ತಿಲನ್ನು ಹಿಡಿಯೋಣ. ಕಂಬದ ಪಟ್ಟಿ ಇರುವ ಬದಿಯಲ್ಲಿ ಅಂಗಡಿಯಿಂದ ಕರ್ಬ್ ಕಲ್ಲಿಗೆ 0.5 + 2.5 + 0.9, ಅಂದರೆ 3.9 ಮೀಟರ್. ನೀರು ರಸ್ತೆ ಕಡೆಗೆ ಹರಿಯಲು 50ಕ್ಕೆ 1ರ ಇಳಿಜಾರು ಕೊಟ್ಟರೆ 78 ಮಿ.ಮೀ. ಇಳಿತ. ಕರ್ಬ್ ಎತ್ತರ 150 ಮಿ.ಮೀ.; ಅದಕ್ಕಿಂತ ಹೆಚ್ಚು ಬೇಡ, ಮೊಣಕಾಲು ನೋವಿನವರು ಇಳಿಯುವುದಿಲ್ಲ. ಅಲ್ಲಿಗೆ ರಸ್ತೆಯ ಅಂಚು ಹೊಸ್ತಿಲಿಗಿಂತ 228 ಮಿ.ಮೀ. ಕೆಳಗೆ. ರಸ್ತೆಯ ಅರ್ಧ ಅಗಲ 3 ಮೀಟರಿಗೆ ಶೇ. 2.5ರ ಕ್ಯಾಂಬರ್ (ನಡುವಿನಿಂದ ಅಂಚಿಗೆ ಇಳಿಜಾರು) ಎಂದರೆ ನಡುಭಾಗ ಅಂಚಿಗಿಂತ 75 ಮಿ.ಮೀ. ಮೇಲೆ. ಹಾಗಾದರೆ ರಸ್ತೆಯ ನೆತ್ತಿ ಹೊಸ್ತಿಲಿಗಿಂತ 153 ಮಿ.ಮೀ. ಕೆಳಗಿರಬೇಕು.

ಹಳೆಯ ಪೇಟೆಗಳಲ್ಲಿ ಹೋಗಿ ನೋಡಿ: ಪ್ರತಿ ಸಲ 40–50 ಮಿ.ಮೀ. ಡಾಂಬರು ಹೊದಿಸಿ ಹೊದಿಸಿ ರಸ್ತೆಯ ನೆತ್ತಿ ಹೊಸ್ತಿಲಿನ ಸಮಕ್ಕೆ ಬಂದಿರುತ್ತದೆ. ಅಂಗಡಿಯವರು ಮಳೆನೀರು ಒಳಗೆ ಬಾರದಂತೆ ಒಂದು ಸಾಲು ಇಟ್ಟಿಗೆ ಕಟ್ಟಿ ಸಿಮೆಂಟ್ ಮೆತ್ತಿಕೊಂಡಿರುತ್ತಾರೆ. ಆ ಇಟ್ಟಿಗೆ ಸಾಲೇ ನಿಮ್ಮ ಸಮೀಕ್ಷೆಯ ಅತ್ಯಂತ ಪ್ರಾಮಾಣಿಕ ಸಾಕ್ಷಿ. ಇಲ್ಲಿ ಹಳೆಯ ಡಾಂಬರನ್ನು ಕೆತ್ತಿ ತೆಗೆಯುವುದು ಅನಿವಾರ್ಯ. ಆ ಪ್ರಮಾಣ ಅಂದಾಜು ಪಟ್ಟಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ “ಇದರ ಮೇಲೇ ಹಾಕಿಬಿಡೋಣ ಸಾರ್” ಎಂಬ ಮಾತು ಸ್ಥಳದಲ್ಲಿ ಹುಟ್ಟುತ್ತದೆ.

4. ಪರೀಕ್ಷಾ ಗುಂಡಿಗಳು

ಇಡೀ ಯೋಜನೆಯಲ್ಲಿ ಒಂದೇ ಒಂದು ಕೆಲಸಕ್ಕೆ ಹಣ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ನಾನು ಪರೀಕ್ಷಾ ಗುಂಡಿಗಳನ್ನೇ ಕೇಳುತ್ತೇನೆ. ನೀರು ಸರಬರಾಜು, ಒಳಚರಂಡಿ, ವಿದ್ಯುತ್, ದೂರಸಂಪರ್ಕ, ಅನಿಲ: ಎಲ್ಲ ಸಂಸ್ಥೆಗಳಿಂದ ನಕ್ಷೆ ಕೇಳಿ. ಕೆಲವರು ಕೊಡುತ್ತಾರೆ, ಕೆಲವರು ನಿವೃತ್ತರಾದ ಲೈನ್‌ಮನ್‌ನನ್ನು ಕಳಿಸುತ್ತಾರೆ. ಎರಡನೆಯದೇ ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬಂದಿದೆ. ನೆಲಭೇದಿ ರಾಡಾರ್ ಓಡಿಸಿದರೆ ಒಳ್ಳೆಯದು, ಆದರೆ ಅದು ತೋರಿಸುವ ಗೆರೆ ಕೊಳವೆಯೋ ಹಳೆಯ ಕಲ್ಲು ಚರಂಡಿಯೋ ಎಂದು ಹೇಳಬೇಕಾದದ್ದು ಹಾರೆಯೇ.

ಸುಮಾರು 50 ಮೀಟರಿಗೊಂದರಂತೆ, ಬೀದಿಯ ಪೂರ್ತಿ ಅಗಲಕ್ಕೆ ಕಿರಿದಾದ ಸೀಳು ಗುಂಡಿ ತೆಗೆಸಿ. 600 ಮೀಟರಿಗೆ ಹನ್ನೆರಡು, ಅಡ್ಡರಸ್ತೆ ಸೇರುವಲ್ಲಿ ಇನ್ನೊಂದೆರಡು. ಕೈಯಿಂದಲೇ ಅಗೆಸಿ, ಜೆಸಿಬಿ ಬೇಡ. ಒಂದೂವರೆ ಮೀಟರ್ ಆಳಕ್ಕೆ ಹೋದರೆ ಮುಖ್ಯವಾದವೆಲ್ಲ ಸಿಗುತ್ತವೆ. ಆಳದ ಒಳಚರಂಡಿಗೆ ಮ್ಯಾನ್‌ಹೋಲಿನ ತಳಮಟ್ಟ ನೋಡಿದರಾಯಿತು. ಸಿಕ್ಕಿದ್ದಕ್ಕೆಲ್ಲ ಆಳ, ವ್ಯಾಸ, ಯಾವುದರದು, ಯಾರದು, ಜೀವಂತವೋ ಸತ್ತದ್ದೋ ಎಂಬ ಐದು ಕಾಲಂ ಬರೆಯಿರಿ. ಅಳತೆ ಪಟ್ಟಿ ಕಾಣುವಂತೆ ಫೋಟೊ ತೆಗೆಯಿರಿ.

ಒಂದು ಊರಿನಲ್ಲಿ ನಾವು ಇಂಥ ಏಳನೆಯ ಗುಂಡಿ ತೆಗೆದಾಗ ಪಾದಚಾರಿ ಮಾರ್ಗದ ಒಂದು ಮೊಳ ಕೆಳಗೆ ಒಂದರ ಮೇಲೊಂದು ಮೂರು ನೀರಿನ ಕೊಳವೆಗಳು ಸಿಕ್ಕವು. ಎಲ್ಲಕ್ಕಿಂತ ಕೆಳಗಿದ್ದ ಎರಕಹೊಯ್ದ ಕಬ್ಬಿಣದ್ದು ಸತ್ತಿದೆ ಎಂದು ದಾಖಲೆ ಹೇಳುತ್ತಿತ್ತು. ಕಿವಿಯಿಟ್ಟರೆ ಒಳಗೆ ನೀರಿನ ಸದ್ದು. ಅದರಿಂದಲೇ ಹಿಂದಿನ ಬೀದಿಯ ನಲವತ್ತು ಮನೆಗಳಿಗೆ ನೀರು ಹೋಗುತ್ತಿತ್ತು. ಆ ಗುಂಡಿಗೆ ಆದ ಖರ್ಚು ನಾಲ್ಕು ಆಳಿನ ಒಂದು ದಿನದ ಕೂಲಿ. ಅದನ್ನು ಕಾಮಗಾರಿಯ ನಡುವೆ ಜೆಸಿಬಿಯ ಹಲ್ಲು ಕಂಡುಹಿಡಿದಿದ್ದರೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕುವುದನ್ನು ನಿಮಗೇ ಬಿಡುತ್ತೇನೆ.

ಗುಂಡಿಗಳ ಫಲಿತಾಂಶದ ಮೇಲೆ ತೀರ್ಮಾನ: ಹಳೆಯ ಕೊಳವೆಯನ್ನು ಉಳಿಸುವುದೋ ಬದಲಿಸುವುದೋ. ಅನುಮಾನವಿದ್ದರೆ ಬದಲಿಸಿ. ಅಂಗಡಿಗಳ ಸಂಪರ್ಕ ಕೊಳವೆಗಳನ್ನೂ ಮೀಟರ್‌ವರೆಗೆ ಬದಲಿಸಿ, ಏಕೆಂದರೆ ಹೊಸ ಬೀದಿಯನ್ನು ಮತ್ತೆ ಅಗೆಸುವುದು ಸಾಮಾನ್ಯವಾಗಿ ಮುಖ್ಯ ಕೊಳವೆಯಲ್ಲ, ಈ ಸಣ್ಣ ಕೊಳವೆ. ಮುಂದೆ ಬರುವ ಕೇಬಲ್ಲುಗಳಿಗೆ ಖಾಲಿ ಡಕ್ಟ್‌ಗಳನ್ನು ರಸ್ತೆಗೆ ಅಡ್ಡಲಾಗಿಯೂ ಹಾಕಿಡಿ. ನೀರಿನ ಕೊಳವೆ ಯಾವತ್ತೂ ಒಳಚರಂಡಿಗಿಂತ ಮೇಲೆ.

5. ಅನುಮತಿ ಮತ್ತು ಮಾತುಕತೆ

ಮರ ಕಡಿಯುವುದಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕಡಿಯದಿರುವಂತೆ ವಿನ್ಯಾಸ ಮಾಡುವುದು ಅನುಮತಿ ಪಡೆಯುವುದಕ್ಕಿಂತ ಬೇಗ ಆಗುತ್ತದೆ. ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಿ. ಕಾಂಕ್ರೀಟಿನ ಕೊರಳಪಟ್ಟಿ ಹಾಕಬೇಡಿ.

ಬೀದಿ ವ್ಯಾಪಾರಿಗಳ ವಿಷಯದಲ್ಲಿ ಎಡವಿದ ಯೋಜನೆಗಳಿಗೆ ಲೆಕ್ಕವಿಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇದೆ, ಪಟ್ಟಣ ವ್ಯಾಪಾರ ಸಮಿತಿ ಇದೆ. ಅದರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಬೇಕು. ಕಾನೂನಿನ ಮಾತು ಹಾಗಿರಲಿ. ಹೂವು ಮಾರುವ ಹೆಂಗಸನ್ನು ಕೇಳದೆ ನೀರಿನ ನಲ್ಲಿ, ನೆರಳು, ಬಸ್ ಇಳಿಯುವವರ ದಾರಿ ಯಾವುದೂ ಇಲ್ಲದ ಜಾಗಕ್ಕೆ ಕಳಿಸಿದರೆ ಎರಡೇ ವಾರದಲ್ಲಿ ಅವರು ನಿಮ್ಮ ಅಗೆದ ಮಣ್ಣಿನ ರಾಶಿಯ ಪಕ್ಕಕ್ಕೇ ಮರಳುತ್ತಾರೆ. ಕೆಲಸದ ಅವಧಿಯ ಜಾಗ ಮತ್ತು ಕೆಲಸ ಮುಗಿದ ಮೇಲಿನ ಜಾಗ, ಎರಡನ್ನೂ ನಕ್ಷೆಯಲ್ಲಿ ಗುರುತಿಸಿ, ಹೆಸರಿನ ಪಟ್ಟಿಯೊಂದಿಗೆ ಸಮಿತಿಯ ಮುಂದಿಡಿ.

ಅಂಗಡಿಯವರ ಸಭೆಯನ್ನು ಬೆಳಗ್ಗೆ ಅಂಗಡಿ ತೆರೆಯುವ ಮುನ್ನ ಕರೆಯಿರಿ. ಸಂಜೆ ಕರೆದರೆ ಸಂಘದ ಪದಾಧಿಕಾರಿಗಳು ಮಾತ್ರ ಬರುತ್ತಾರೆ. ಸಂಚಾರ ಪೊಲೀಸರ ಅನುಮತಿಯನ್ನು ಹಂತಗಳ ನಕ್ಷೆ ಸಮೇತ ಕೇಳಬೇಕು. ಇದರ ಬಗ್ಗೆ ಮುಂದೆ ಹೇಳುತ್ತೇನೆ.

6. ಅಂದಾಜು ಪಟ್ಟಿ

ಎಸ್.ಆರ್., ಅಂದರೆ ಸರ್ಕಾರಿ ದರಪಟ್ಟಿಯ ಪುಸ್ತಕದಲ್ಲಿ ಇರುವ ಐಟಂಗಳನ್ನು ಯಾರೂ ಮರೆಯುವುದಿಲ್ಲ. ಮರೆಯುವವು ಇವು: ಅಂಗಡಿ ಮುಂದಿನ ತಾತ್ಕಾಲಿಕ ಹಲಗೆ ದಾರಿ, ಬ್ಯಾರಿಕೇಡ್ ಮತ್ತು ದೀಪ, ಗುಂಡಿಯ ನೀರೆತ್ತುವ ಪಂಪು, ಮ್ಯಾನ್‌ಹೋಲ್ ಮುಚ್ಚಳದ ಮಟ್ಟ ಸರಿಪಡಿಸುವುದು, ಅವಶೇಷವನ್ನು ನಿಜವಾದ ದೂರಕ್ಕೆ ಸಾಗಿಸುವ ಖರ್ಚು (ಲೀಡ್), ತಾತ್ಕಾಲಿಕ ನೀರಿನ ಸಂಪರ್ಕ, ಕೆಲಸ ಮುಗಿದ ಮೇಲಿನ ಸ್ಥಿತಿನಕ್ಷೆ (ಏನನ್ನು ನಿಜವಾಗಿ ಎಲ್ಲಿ ಹಾಕಿದೆ ಎಂದು ತೋರಿಸುವ ನಕ್ಷೆ). ಇವನ್ನು “ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಮಾಡತಕ್ಕದ್ದು” ಎಂಬ ಒಂದು ಸಾಲಿಗೆ ತಳ್ಳಿದರೆ ಯಾವುದೂ ಆಗುವುದಿಲ್ಲ. ದರ ಕೊಟ್ಟು, ಅಳತೆ ಮಾಡಿ, ಬಿಲ್ಲಿನಲ್ಲಿ ಸೇರಿಸಿ. ಎಸ್.ಆರ್.ನಲ್ಲಿ ಇಲ್ಲದ್ದಕ್ಕೆ ದರ ವಿಶ್ಲೇಷಣೆ ಕಡತದಲ್ಲಿರಲಿ, ಲೆಕ್ಕಪರಿಶೋಧನೆಯವರು ಮೊದಲು ಕೇಳುವುದು ಅದನ್ನೇ. ಜಿಎಸ್‌ಟಿ ಮತ್ತು ಕಟ್ಟಡ ಕಾರ್ಮಿಕರ ಶೇ. 1 ಸೆಸ್ ಬಿಡಬೇಡಿ.

ಮೇಲ್ಮೈಯ ಆಯ್ಕೆಗೆ ಒಂದು ಮಾತು. ಕಲ್ಲು ಹಾಸು ಚೆನ್ನಾಗಿ ಕಾಣುತ್ತದೆ, ಸಾದಹಳ್ಳಿ ಕಲ್ಲು ಬೆಂಗಳೂರಿಗೆ ಹತ್ತಿರದಲ್ಲೇ ಸಿಗುತ್ತದೆ. ಆದರೆ ವಾಹನ ಓಡುವ ಕಡೆ ಕಲ್ಲು ಎದ್ದು ಬರುವುದು ಕಲ್ಲಿನ ದೋಷದಿಂದಲ್ಲ. ಕೆಳಗಿನ ಹಾಸು ಕುಸಿದು, ಸಂದಿಯ ಗಾರೆ ಹೋಗಿ, ನೀರು ಇಳಿದಾಗ ಅದು ಏಳುತ್ತದೆ. ಗಟ್ಟಿ ಕಾಂಕ್ರೀಟ್ ತಳ ಹಾಕಲು ಹಣವಿಲ್ಲದಿದ್ದರೆ ಕಲ್ಲನ್ನು ಪಾದಚಾರಿ ಮಾರ್ಗಕ್ಕೆ ಇಟ್ಟುಕೊಂಡು ರಸ್ತೆಗೆ ಡಾಂಬರು ಹಾಕಿ. ವೈಟ್ ಟಾಪಿಂಗ್ (ಡಾಂಬರಿನ ಮೇಲೆ ಕಾಂಕ್ರೀಟ್ ಹೊದಿಕೆ) ಬಗ್ಗೆ ನನ್ನ ನಿಲುವು ಸರಳ: ಕೆಳಗಿನ ಕೊಳವೆಗಳೆಲ್ಲ ಹೊಸದಾಗಿದ್ದರೆ ಹಾಕಿ, ಹಳೆಯದರ ಮೇಲೆ ಬೇಡ.

7. ಟೆಂಡರ್

ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರ್: ಈ ಕ್ರಮ ಎಲ್ಲರಿಗೂ ಗೊತ್ತು. ಇದು ಸರ್ಕಾರಿ ಖರೀದಿಯ 1999ರ ಪಾರದರ್ಶಕತೆ ಕಾಯ್ದೆ ಮತ್ತು 2000ದ ನಿಯಮಗಳ ಚೌಕಟ್ಟಿನಲ್ಲಿ, ಕೆಪಿಪಿಪಿ ಎಂಬ ರಾಜ್ಯದ ಖರೀದಿ ಪೋರ್ಟಲಿನಲ್ಲಿ, ಕೆಡಬ್ಲ್ಯೂ ಎಂಬ ಮಾದರಿ ಟೆಂಡರ್ ದಾಖಲೆಯಲ್ಲಿ ನಡೆಯುತ್ತದೆ. ನಿಮ್ಮ ಕೈಯಲ್ಲಿರುವ ಆಯ್ಕೆಗಳು ಮೂರು.

ಒಂದು, ಎಷ್ಟು ಗುತ್ತಿಗೆ. ಚರಂಡಿಗೊಬ್ಬ, ರಸ್ತೆಗೊಬ್ಬ, ದೀಪಕ್ಕೊಬ್ಬ ಎಂದು ತುಂಡು ಮಾಡಿದರೆ ಮೂವರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸುತ್ತಾರೆ. ಟೆಂಡರ್ ಶ್ಯೂರ್‌ನಿಂದ ಕಲಿಯಬೇಕಾದ ಪಾಠ ಇದೇ: ನೆಲದ ಕೆಳಗಿನದೂ ಮೇಲಿನದೂ ಒಂದೇ ಗುತ್ತಿಗೆಯಲ್ಲಿ. ವಿದ್ಯುತ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನಿಂದ, ಕಂಪನಿಗೆ ಮೇಲ್ವಿಚಾರಣಾ ಶುಲ್ಕ ಕಟ್ಟಿ, ಸ್ವಯಂ ನಿರ್ವಹಣೆಯಲ್ಲಿ ಮಾಡಿಸಲು ದಾರಿಯಿದೆ. ಠೇವಣಿ ಕಟ್ಟಿ ಅವರೇ ಮಾಡಲಿ ಎಂದು ಕಾದರೆ ನಿಮ್ಮ ಕ್ಯಾಲೆಂಡರ್ ಅವರ ಕೈಗೆ ಹೋಗುತ್ತದೆ.

ಎರಡು, ಯಾವ ಬಗೆಯ ಗುತ್ತಿಗೆ. ಹಳೆಯ ಪೇಟೆಯ ನೆಲದಡಿಯನ್ನು ಇಡಿಗಂಟಿನ ದರಕ್ಕೆ ಕೊಡಬೇಡಿ. ಒಳಗೇನಿದೆಯೋ ಗೊತ್ತಿಲ್ಲದವನು ಒಂದೋ ಭಯಕ್ಕೆ ಹೆಚ್ಚು ಬರೆಯುತ್ತಾನೆ, ಇಲ್ಲವೇ ಕಡಿಮೆ ಬರೆದು ವ್ಯಾಜ್ಯಕ್ಕೆ ಇಳಿಯುತ್ತಾನೆ. ಐಟಂ ದರವೇ ಸರಿ, ಅಂದರೆ ಆದ ಪ್ರತಿ ಕೆಲಸವನ್ನು ಅಳೆದು ಹಣ. ಪರೀಕ್ಷಾ ಗುಂಡಿಗಳ ಪಟ್ಟಿ, ಫೋಟೊಗಳನ್ನು ಟೆಂಡರ್ ದಾಖಲೆಯೊಂದಿಗೆ ಎಲ್ಲರಿಗೂ ಕೊಡಿ.

ಮೂರು, ಅರ್ಹತೆ. ಹೆದ್ದಾರಿ ಹಾಕಿದ ಅನುಭವ ಬೇರೆ, ಅಂಗಡಿ ತೆರೆದಿರುವಾಗಲೇ ಬೀದಿ ಅಗೆದ ಅನುಭವ ಬೇರೆ. ಊರೊಳಗೆ ಭೂಗತ ಕೊಳವೆ ಸಹಿತ ಮುಗಿಸಿದ ಕೆಲಸವನ್ನು ಕೇಳಿ. ಆದರೆ ಒಬ್ಬನೇ ಹೊಂದುವಂಥ ಷರತ್ತು ಬರೆಯಬೇಡಿ. ದ್ವಿ ಲಕೋಟೆ ಪದ್ಧತಿಯಲ್ಲಿ (ಅರ್ಹತೆ ಒಂದರಲ್ಲಿ, ದರ ಇನ್ನೊಂದರಲ್ಲಿ) ತಾಂತ್ರಿಕ ಲಕೋಟೆ ದಾಟಿದವರಲ್ಲಿ ಯಾರೋ ಅಂದಾಜಿಗಿಂತ ಶೇ. 28 ಕಡಿಮೆಗೆ ಬರೆದಿದ್ದರೆ ಖುಷಿಪಡುವ ಮುನ್ನ ದರ ಸಮರ್ಥನೆ ತರಿಸಿಕೊಳ್ಳಿ, ಹೆಚ್ಚುವರಿ ಕಾರ್ಯ ಭದ್ರತೆ ಕೇಳಿ.

ವಿಶೇಷ ಷರತ್ತುಗಳಲ್ಲಿ ಈ ನಾಲ್ಕನ್ನು ಬಿಡಬೇಡಿ. ಒಮ್ಮೆಗೆ 50 ಮೀಟರಿಗಿಂತ ಹೆಚ್ಚು ತೆರೆದ ಕಂದಕ ಇರಕೂಡದು. ವಿಳಂಬ ದಂಡ ಇಡೀ ಕಾಮಗಾರಿಗಲ್ಲ, ಬೀದಿಯ ಪ್ರತಿ ತುಣುಕಿಗೆ. ಮೊದಲ ಹತ್ತು ಮೀಟರ್ ಪಾದಚಾರಿ ಮಾರ್ಗವನ್ನು ಮಾದರಿಯಾಗಿ ಮಾಡಿ ತೋರಿಸಬೇಕು, ಉಳಿದದ್ದೆಲ್ಲ ಅದರಂತೆಯೇ ಇರಬೇಕು. ಸ್ಥಿತಿನಕ್ಷೆ ಕೊಡದೆ ಅಂತಿಮ ಬಿಲ್ ಇಲ್ಲ.

8. ಕ್ಯಾಲೆಂಡರ್

ಇದನ್ನು ಎಂಜಿನಿಯರ್ ಒಬ್ಬನೇ ಬರೆಯಬಾರದು, ಬಂಗಾರದಂಗಡಿಯವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಪೇಟೆ ಮುಟ್ಟಬಾರದು. ಆ ಹೊತ್ತಿಗೆ ಮಳೆಯೂ ಇರುತ್ತದೆ. ಉಳಿಯುವುದು ಸಂಕ್ರಾಂತಿಯಿಂದ ಮೇ ಕೊನೆಯವರೆಗೆ, ನಡುವೆ ಯುಗಾದಿ, ಅಕ್ಷಯ ತೃತೀಯಕ್ಕೆ ಒಂದು ವಾರದ ಬಿಡುವು. ಆ ವರ್ಷ ರಂಜಾನ್ ಯಾವ ತಿಂಗಳು ಎಂಬುದನ್ನೂ ನೋಡಿಕೊಳ್ಳಿ. ನಾಲ್ಕೂವರೆ ತಿಂಗಳಲ್ಲಿ 600 ಮೀಟರ್ ಆಗದು ಎನಿಸಿದರೆ ಒಂದು ಬೇಸಿಗೆಗೆ ಅರ್ಧ ಬೀದಿ ಎಂದು ಮೊದಲೇ ಹೇಳಿಬಿಡಿ. ಬೀದಿಯನ್ನು ನೂರಿಪ್ಪತ್ತು ಮೀಟರಿನ ಐದು ತುಣುಕುಗಳಾಗಿ ವಿಂಗಡಿಸಿ, ಒಂದು ಬದಿ ಮುಗಿಸಿ ಜನ ನಡೆಯಲು ಬಿಟ್ಟ ಮೇಲೆಯೇ ಇನ್ನೊಂದು ಬದಿ. ಪೊಲೀಸರಿಗೆ ಕೊಡುವ ನಕ್ಷೆಯೂ ಇದೇ.

ರಾತ್ರಿ ಕೆಲಸಕ್ಕೂ ಮಿತಿಯಿದೆ. ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 55 ಡೆಸಿಬೆಲ್. ಪೇಟೆಯ ಮಹಡಿಗಳ ಮೇಲೆ ಮನೆಗಳಿರುತ್ತವೆ. ಕಾಂಕ್ರೀಟ್ ಒಡೆಯುವುದನ್ನು ಬೆಳಗ್ಗೆ 6ರಿಂದ 10ರೊಳಗೆ ಮುಗಿಸಿ, ರಾತ್ರಿಗೆ ಸಾಗಣೆ, ಜೋಡಣೆ ಇಟ್ಟುಕೊಳ್ಳಿ.

9. ಕೆಲಸ ನಡೆಯುವಾಗ

ಆರಂಭದ ದಿನವೇ ಪ್ರತಿ ಅಂಗಡಿಯ ಮುಂಭಾಗದ ಫೋಟೊ. ಹಳೆಯ ಬಿರುಕಿಗೂ ಹೊಸ ಬಿರುಕಿಗೂ ವ್ಯತ್ಯಾಸ ಆಗಷ್ಟೇ ತಿಳಿಯುತ್ತದೆ. ಪ್ರತಿ ಬಾಗಿಲಿಗೂ ಕೈಹಿಡಿ ಇರುವ, ಗಾಲಿಕುರ್ಚಿ ಹೋಗುವಷ್ಟು ಅಗಲದ ಹಲಗೆ. ತುಣುಕಿನ ಎರಡೂ ತುದಿಯಲ್ಲಿ “ಅಂಗಡಿಗಳು ತೆರೆದಿವೆ” ಎಂಬ ಫಲಕ, ಅದರ ಕೆಳಗೆ ಎಂಜಿನಿಯರ್‌ನ ಮೊಬೈಲ್ ಸಂಖ್ಯೆ, ಮುಗಿಯುವ ದಿನಾಂಕ. ವಾರಕ್ಕೊಮ್ಮೆ ಅಂಗಡಿಯವರ ಜೊತೆ ಇಡೀ ಬೀದಿ ನಡೆಯಿರಿ.

ಗುಣಮಟ್ಟದಲ್ಲಿ ಕಣ್ಣಿಡಬೇಕಾದದ್ದು ಕಂದಕ ಮುಚ್ಚುವ ಹೊತ್ತಿನಲ್ಲಿ. ಕಲ್ಲು ಹಾಸುವಾಗ ಎಲ್ಲರೂ ಬಂದು ನಿಂತು ನೋಡುತ್ತಾರೆ. ಮಣ್ಣು ತುಂಬುವಾಗ ಯಾರೂ ಇರುವುದಿಲ್ಲ. ಪದರ ಪದರವಾಗಿ, ನೀರು ಹಾಕಿ, ದಮ್ಮಸು ಹೊಡೆದು ತುಂಬಿಸಬೇಕು. ಒಂದೇ ಸಲಕ್ಕೆ ಸುರಿದು ಮೇಲೆ ಜೆಸಿಬಿಯ ಬಕೆಟ್ಟಿನಿಂದ ತಟ್ಟಿದ ಕಂದಕ ಮೊದಲ ಮಳೆಗೇ ಉದ್ದನೆಯ ಗುಳಿಯಾಗುತ್ತದೆ. ಮುಚ್ಚುವ ಮುನ್ನ ಕೊಳವೆಯ ಒತ್ತಡ ಪರೀಕ್ಷೆ, ಫೋಟೊ, ಅಳತೆ ಪುಸ್ತಕದಲ್ಲಿ ಅದೇ ದಿನ ನಮೂದು. ಕಚೇರಿಯಲ್ಲಿ ಕುಳಿತು ತುಂಬಿದ ಅಳತೆ ಪುಸ್ತಕ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ತಪಾಸಣೆಗೆ ಮೂರನೆಯ ಸಂಸ್ಥೆ ಇದ್ದರೂ ಸಹಾಯಕ ಎಂಜಿನಿಯರ್ ಸ್ಥಳದಲ್ಲಿರಲೇಬೇಕು.

10. ಕೊನೆಯ ಬಿಲ್ಲು

ದೋಷ ಹೊಣೆಗಾರಿಕೆಯ ಅವಧಿ (ಹಾಳಾದರೆ ಗುತ್ತಿಗೆದಾರನೇ ಸರಿಪಡಿಸಬೇಕಾದ ಕಾಲ) ಕನಿಷ್ಠ ಮೂರು ವರ್ಷ ಇರಲಿ, ಅಂದರೆ ಮೂರು ಮಳೆಗಾಲ. ಸ್ಥಿತಿನಕ್ಷೆಯ ಪ್ರತಿಯನ್ನು ಎಲ್ಲ ಸಂಸ್ಥೆಗಳಿಗೂ ಕಳಿಸಿ, ಸ್ವೀಕೃತಿ ಪಡೆಯಿರಿ; ನಾಳೆ ಅಗೆಯಲು ಬರುವವರು ಅವರೇ. ಡಕ್ಟ್ ಇರುವ ಬೀದಿಯಲ್ಲಿ ರಸ್ತೆ ಅಗೆತಕ್ಕೆ ಅನುಮತಿಯಿಲ್ಲ ಎಂಬ ಆದೇಶ ಹೊರಡಿಸಿ.

ಭದ್ರತಾ ಠೇವಣಿ ಬಿಡುಗಡೆಯ ಕಡತ ಸಾಮಾನ್ಯವಾಗಿ ಮಾರ್ಚ್ ತಿಂಗಳ ಒಣ ಬಿಸಿಲಿನಲ್ಲಿ ಮೇಜಿಗೆ ಬರುತ್ತದೆ. ಆಗ ಎಲ್ಲ ಬೀದಿಗಳೂ ಚೆನ್ನಾಗಿಯೇ ಕಾಣುತ್ತವೆ. ಆ ಕಡತವನ್ನು ಬದಿಗಿಟ್ಟು, ಹಿಂದಿನ ಮಳೆಗಾಲದ ತಪಾಸಣೆಯ ಟಿಪ್ಪಣಿ ತೆಗೆದು ನೋಡಿ. ಜೋರು ಮಳೆ ಹಿಡಿದ ಸಂಜೆ ಕೊಡೆ ಹಿಡಿದು ಹೋಗಿ, ಎಲ್ಲಿ ನೀರು ನಿಂತಿದೆ, ಯಾವ ಜಾಲರಿ ಕಟ್ಟಿದೆ, ಯಾವ ಹೊಸ್ತಿಲಿನ ಮುಂದೆ ಮತ್ತೆ ಇಟ್ಟಿಗೆ ಸಾಲು ಎದ್ದಿದೆ ಎಂದು ಬರೆದುಕೊಂಡು ಬಂದಿದ್ದ ಆ ಪಟ್ಟಿಯಲ್ಲಿನ ಪ್ರತಿ ಸಾಲಿನ ಎದುರು “ಸರಿಪಡಿಸಲಾಗಿದೆ” ಎಂದು ಬಿದ್ದ ಮೇಲೆ ಸಹಿ ಹಾಕಿ.